ಹತ್ತಿರದ ಗಿಣಿಗೆ ಒಂದೇ ಸುತ್ತು

ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಅಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿತ್ತು. ಮೊದಲ ಅನ್ಯಾಯ ಅದು. ಇದ್ದೊಂದು ಮೈದಾನವನ್ನು ಹುಡುಗರ ಕ್ರಿಕೆಟ್ ನುಂಗಿತ್ತು, ಎರಡನೆಯದು. ಎರಡರ ಬಗ್ಗೆಯೂ ಮನವಿ ಬರೆದು ಬರೆದು ಮುಖ್ಯೋಪಾಧ್ಯಾಯರ ತಾಳ್ಮೆ ಕೆಡಿಸಿದ್ದರ ಫಲವಾಗಿ, ಹುಡುಗಿಯರ ಸಾಫ್ಟ್‌ಬಾಲ್ ತಂಡ ಕಟ್ಟುವ ಹೊಣೆ ನನ್ನ ಕೊರಳಿಗೇ ಬಿತ್ತು. ಆ ಆಟವನ್ನು ನಾನು ಕಂಡಿದ್ದು ಮೊಬೈಲಿನ ವಿಡಿಯೊಗಳಲ್ಲಿ ಮಾತ್ರ.

ಚೆಂಡೆಸೆಯುವವಳು ತೋಳನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಪಕ್ಕದಲ್ಲಿ ಚೆಂಡನ್ನು ಬಿಡಬೇಕು. ಎರಡನೆಯ ಸುತ್ತು ತಿರುಗಿತೋ, ತಪ್ಪೆಸೆತ. ಬಿಟ್ಟ ಮೇಲೆ ಕೈ ಎಲ್ಲಿಗೆ ಹೋಗಬೇಕೆಂಬುದರಲ್ಲಿ ಎರಡು ಪಂಥಗಳಿವೆ. ಮೊಣಕೈಯನ್ನು ಕಿವಿಯ ತನಕ ಎತ್ತಬೇಕೆಂಬುದು ಒಂದು. ಕೈ ತನ್ನ ಪಾಡಿಗೆ ಮೈಗೆ ಅಡ್ಡಲಾಗಿ ಹರಿಯಲಿ ಎಂಬುದು ಇನ್ನೊಂದು. ನಾನು ಮೊದಲನೆಯದಕ್ಕೆ ಸೇರಿದವಳು. ಅದರಲ್ಲಿ ತೋಳು ಘೋಷಣೆ ಕೂಗುವವರ ತೋಳಿನಂತೆ ಕಾಣುತ್ತಿತ್ತು.

ನಮ್ಮಲ್ಲಿ ವೇಗವಾಗಿ ಎಸೆಯುತ್ತಿದ್ದವಳು ಒಬ್ಬಳೇ, ಬಂಡೀಪುರದ ದಾರಿಯ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿ. ಜಿಲ್ಲಾ ತಂಡಕ್ಕೆ ಆಯ್ಕೆಯಾಗಬೇಕೆಂಬುದು ಅವಳ ಒಂದೇ ಆಸೆ. ಆದರೆ ಅವಳು ಮೂರು ಸುತ್ತು ತಿರುಗಿಸುತ್ತಿದ್ದಳು. ಚೆಂಡು ಬಿಟ್ಟೊಡನೆ ಮುಷ್ಟಿ ಬಿಗಿದು ಕೈಯನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಕೈಚಾಚಬೇಡವೆಂದು ಹೆಣ್ಣುಮಕ್ಕಳಿಗೆ ಹೇಳುತ್ತ ಬಂದ ಸಮಾಜವೇ ಈ ಮಡಚಿದ ಕೈಗೆ ಕಾರಣವೆಂದು ನಾನು ಕಾಲು ಗಂಟೆ ವಿವರಿಸಿದೆ.

ಅವಳು ಪೂರ್ತಿ ಕೇಳಿ, "ಅದಲ್ಲ ಮೇಡಂ. ಕೈ ಆಚೆ ಬುಟ್ರೆ ಅಗ್ಗ ಬಂದು ಮಖಕ್ಕೆ ಒಡೀತದೆ" ಎಂದಳು.

"ಯಾವ ಹಗ್ಗ?"

"ಕವಣೆ ಅಗ್ಗ."

ರಜೆಯಲ್ಲಿ ಅವಳು ಕವಣೆ ಬೀಸಿ ಗಿಣಿ ಓಡಿಸುತ್ತಾಳೆಂದು ತಿಳಿದು, ಶನಿವಾರ ಅವಳೊಂದಿಗೆ ಅವರ ಸೂರ್ಯಕಾಂತಿ ಹೊಲಕ್ಕೆ ಹೋದೆ. ಅಟ್ಟಣೆಯ ಮೇಲೆ ಅವಳ ಅಜ್ಜಿ ಕವಣೆ ಹಿಡಿದು ಗಿಣಿ ಕಾಯುತ್ತಿದ್ದರು. ಮಕ್ಕಳನ್ನು ಕಾವಲಿಗೆ ನಿಲ್ಲಿಸುವುದು ತಪ್ಪೆಂದೂ, ಕವಣೆ ಮೊಮ್ಮಗಳ ಕೈ ಕೆಡಿಸಿದೆಯೆಂದೂ ಹೇಳಿದೆ.

"ಅಂಗಾದ್ರೆ ನೀವೇ ಒಂದೀಟು ಕಾಯಿ ಮೇಡಮ್ಮಾರೆ" ಎಂದು ಅವರು ಕವಣೆಯನ್ನು ನನ್ನ ಕೈಗಿತ್ತರು.

ಹಗ್ಗದ ನಡುವಿನ ಮಡಿಲಲ್ಲಿ ಕಲ್ಲು, ಒಂದು ತುದಿ ಬೆರಳಿಗೆ, ಇನ್ನೊಂದು ಮುಷ್ಟಿಯೊಳಗೆ. ತಿರುಗಿಸಿ ಮುಷ್ಟಿಯದನ್ನು ಬಿಟ್ಟರೆ ಕಲ್ಲು ಹಾರುತ್ತದೆ. ನಾನು ನನ್ನ ಪಂಥದಂತೆ ಮೊಣಕೈ ಎತ್ತಿದೆ. ಕಲ್ಲು ನನ್ನ ಹಿಂದೆಯೇ ಬಿತ್ತು. ಬಿಟ್ಟ ಹಗ್ಗ ಬಂದು ಕನ್ನಡಕಕ್ಕೆ ಬಡಿಯಿತು.

"ಕೈನ ಮ್ಯಾಕೆ ಯಾಕೆತ್ತುದ್ರವ್ವಾ? ಗಿಣಿಗೆ ಟಾಟಾ ಮಾಡುದ್ರಾ?" ಎಂದರು ಅಜ್ಜಿ.

ಕನ್ನಡಕ ಒರೆಸಿಕೊಳ್ಳುತ್ತ, ಆಟದಲ್ಲಿ ಒಂದೇ ಸುತ್ತಿಗೆ ಅವಕಾಶವೆಂಬ ನಿಯಮ ತಿಳಿಸಿದೆ. ಅಜ್ಜಿ ಮೊಮ್ಮಗಳತ್ತ ತಿರುಗಿದರು. "ದೂರದ ಗಿಣಿಗೆ ಮೂರು ಸುತ್ತು. ಅತ್ರದ್ದಕ್ಕೆ ಒಂದೇ ಸುತ್ತು ಕಣಮ್ಮಿ. ಅಷ್ಟೂ ಮರ್ತ್‌ಬುಟ್ಯಾ?"

ಚಾಮರಾಜನಗರದ ಆಯ್ಕೆಗೆ ಹೋಗುವಾಗ, ಅವಳನ್ನು ಕೈಬಿಟ್ಟರೆ ಕೊಡಲೆಂದು, ನನ್ನ ಚೀಲದಲ್ಲಿ ದೂರುಪತ್ರವೊಂದು ಸಿದ್ಧವಾಗಿತ್ತು. ತಾರೀಖು ಮಾತ್ರ ಖಾಲಿ ಬಿಟ್ಟಿದ್ದೆ. ಹೆದರಿದ ಹುಡುಗಿ ಮೊದಲ ಎಸೆತದಲ್ಲಿ ಮೂರು ಸುತ್ತು ತಿರುಗಿಸಿದಳು, ತಪ್ಪೆಸೆತ. ಎರಡನೆಯದರಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟು ಒಂದೇ ಸುತ್ತಿಗೆ ಮೊಣಕೈ ಎತ್ತಿದಳು. ಚೆಂಡು ಎದುರಿಗೆ ಹಿಡಿಯಲು ಕೂತಿದ್ದ ಕ್ಯಾಚರಳ ತಲೆಯ ಮೇಲಿಂದ ಹೋಯಿತು. "ಇನ್ನೊಂದ್ ಆಕು, ನೋಡನ" ಎಂದ ಆಯ್ಕೆದಾರರ ಕಣ್ಣು ಆಗಲೇ ಮುಂದಿನ ಹುಡುಗಿಯ ಮೇಲಿತ್ತು.

ಗೆರೆಯಾಚೆಯಿಂದ ನಾನು, ನನ್ನ ಪಂಥವನ್ನು ಅಲ್ಲೇ ಬಿಟ್ಟು, "ಹತ್ತಿರದ ಗಿಣಿ ಕಣೇ" ಎಂದು ಕೂಗಿದೆ.

ಒಂದು ಸುತ್ತು. ಮುಷ್ಟಿ ಹೊಟ್ಟೆಗೆ. ಚೆಂಡು ಕ್ಯಾಚರಳ ಗ್ಲೌಸಿಗೆ ಬಿದ್ದ ಸದ್ದಿಗೆ ಆಯ್ಕೆದಾರರು ತಿರುಗಿ ನೋಡಿದರು. ಇನ್ನೂ ನಾಲ್ಕು ಹಾಕಿಸಿದರು, ನಾಲ್ಕೂ ಅಲ್ಲಿಗೇ.

"ಕೈ ಇಂಗೆ ಎಳ್ಕಳದ ಯಾರವ್ವ ಕಲ್ಸಿದ್ದು?"

ನಾನು ಗಂಟಲು ಸರಿಮಾಡಿಕೊಂಡೆ.

"ನಮ್ಮಜ್ಜಿ ಸಾ. ಮೇಡಮ್ಮು ಟಾಟಾ ಮಾಡದ ಕಲ್ಸುದ್ರು."

ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಹಿಂದಿರುಗುವ ಬಸ್ಸಿನಲ್ಲಿ ದೂರುಪತ್ರ ತೆಗೆದು ನೋಡಿದೆ. 'ಗ್ರಾಮೀಣ ಹುಡುಗಿಯೊಬ್ಬಳ ಸಹಜ ಕೈಚಳಕವನ್ನು ತಿದ್ದುವ ನೆಪದಲ್ಲಿ ಕೆಡಿಸಲಾಗಿದೆ' ಎಂಬುದು ಅದರ ಮೊದಲ ಸಾಲು. ಸಾಲಿನಲ್ಲಿ ತಪ್ಪಿರಲಿಲ್ಲ; ಆರೋಪಿಗಳ ಜಾಗದಲ್ಲಿ ಮಾತ್ರ ಆಯ್ಕೆದಾರರೆಂದು ಬರೆದಿದ್ದೆ.

ಗುಂಡ್ಲುಪೇಟೆಯಲ್ಲಿ ಇಳಿದು ಊರಿನ ಬಸ್ಸು ಹತ್ತಿದ ಹುಡುಗಿ ಬಾಗಿಲಲ್ಲಿ ತಿರುಗಿ ನಿಂತಳು. ಮೊಣಕೈಯನ್ನು ಕಿವಿಯ ತನಕ ಎತ್ತಿ, ನಾನು ಕಲಿಸಿದ ಕ್ರಮದಲ್ಲೇ, ಟಾಟಾ ಮಾಡಿದಳು.