ಬಾಗಿಲು ತಟ್ಟಿದ ಮೇಷ್ಟ್ರು

ಹಿಮನಾಡಿನ ಸರೋವರದ ದಂಡೆಯ ಆ ಕ್ರೀ ಆದಿವಾಸಿಗಳ ಊರಿನಲ್ಲಿ ಯೂಲಾಲಿ ನಟೊಮಗನ್‌ಳಂಥ ರಣಧೀರೆ ಇನ್ನೊಬ್ಬಳಿರಲಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸು, ಮೂಸ್ ಕಡವೆಯ ಚರ್ಮ ಹದಮಾಡಿ ಹದಮಾಡಿ ಕಬ್ಬಿಣವಾದ ತೋಳು, ದಿನಾ ಬೆಳಿಗ್ಗೆ ರೇಡಿಯೋದಲ್ಲಿ ‘ತಾನ್ಸಿ’ ಎಂದು ಊರಿಗೆಲ್ಲ ಕ್ಷೇಮ ಕೇಳುವ ಗಂಟಲು. ಅರವತ್ತು ವರ್ಷದ ಹಿಂದೆ, ಇಂಗ್ಲಿಷ್ ಬಿಟ್ಟು ಕ್ರೀ ಆಡಿದರೆ ಶಿಕ್ಷೆಯಿದ್ದ ವಸತಿಶಾಲೆಯಲ್ಲಿ ತಂಗಿ ಅಗಾತ್‌ಗೆ ಅದೇ ‘ತಾನ್ಸಿ’ ಹೇಳಿದ್ದಕ್ಕೆ ಹಾರ್ಗ್ರೇವ್ ಮೇಷ್ಟ್ರು ಯೂಲಾಲಿಯ ಬಾಯಿಗೆ ಸೋಪು ತುರುಕಿದ್ದರು. ಅಂದಿನಿಂದ ಅವಳು ಹಲ್ಲು ಮಸೆಯುತ್ತಲೇ ಇದ್ದಳು. ಈಗ ಉಳಿದದ್ದು ನಾಲ್ಕೇ ಹಲ್ಲು, ಹರಿತಕ್ಕೇನೂ ಕೊರತೆಯಿರಲಿಲ್ಲ.

ಜನವರಿಯಲ್ಲಿ ಆ ಮೇಷ್ಟ್ರೇ ಫೋನು ಮಾಡಿದರು. ಆತ್ಮಕಥೆ ಬರೆಯುತ್ತಿದ್ದಾರಂತೆ. ‘ಶಾಲೆಯಲ್ಲಿ ನಾವು ಸುಖವಾಗಿದ್ದೆವು’ ಅಂತ ಹಳೇ ವಿದ್ಯಾರ್ಥಿನಿಯ ಬಾಯಿಂದ ಒಂದು ಮಾತು ಬೇಕಂತೆ.

“ಅದಕ್ಕೇನು, ಬನ್ನಿ ಸಾರ್,” ಎಂದಳು ಯೂಲಾಲಿ, ದನಿಯಲ್ಲಿ ಜೇನು ಸುರಿಸುತ್ತ.

ಬಂದರು. ಕರೆತಂದ ಟ್ರಕ್ಕು ಹೊರಟುಹೋಯಿತು. ಮೇಷ್ಟ್ರು ಬಾಗಿಲು ತಟ್ಟಿದರು. ಆ ಊರಲ್ಲಿ ನೆಂಟರಿಷ್ಟರು ತಟ್ಟುವುದಿಲ್ಲ, ನೂಕಿಕೊಂಡು ಬಂದು ಒಲೆ ಪಕ್ಕ ಕೂರುತ್ತಾರೆ. ತಟ್ಟುವವರು ಪೊಲೀಸರು, ಇಲ್ಲವೇ ಮಕ್ಕಳನ್ನು ಆ ಶಾಲೆಗೆ ಎಳೆದೊಯ್ಯಲು ಬಂದವರು.

“ತವಾವ್,” ಎಂದಳು ಯೂಲಾಲಿ ಕೂತಲ್ಲಿಂದಲೇ. ಒಳಗೆ ಬನ್ನಿ, ಜಾಗವಿದೆ ಎಂದು. ಮತ್ತೆ ತಟ್ಟಿದರು. “ತವಾವ್.” ಮತ್ತೆ ತಟ್ಟಿದರು.

“ಬಾಗ್ಲು ತೆಗಿಯೇ ಅಕ್ಕ. ಹೊರಗೆ ಮೈನಸ್ ಮೂವತ್ತೈದು, ಮುದ್ಕ ಮರಗಟ್ಟಿ ಹೋದಾನು,” ಎಂದಳು ಅಗಾತ್.

“ಮರ್ಯಾದೆಯಾಗೇ ಕರೀತಿದ್ದೀನಲ್ಲ. ಎಂಟು ವರ್ಷ ನಮ್ ಜೊತೆ ಇದ್ದೋರು, ಇಷ್ಟೂ ಕಲೀಲಿಲ್ವಂತಾ?”

ಆರನೆಯ ‘ತವಾವ್’ ಆದಮೇಲೆ ಅಗಾತ್‌ಳೇ ಎದ್ದು ತೆಗೆದಳು. ಮೂಗಿನ ತುದಿ ಬೆಳ್ಳಗಾಗಿದ್ದ ಮೇಷ್ಟ್ರಿಗೆ ಚಹಾ, ಬಿಸಿ ರೊಟ್ಟಿ, ಮೂಸ್ ಸಾರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವರು ನೋಟ್‌ಬುಕ್ ಬಿಡಿಸಿದರು. ಯೂಲಾಲಿ ಬಾಯಿ ಬಿಚ್ಚಿದಳು.

ಎಲ್ಲವನ್ನೂ ಹೇಳಿದಳು, ಕ್ರೀ ಭಾಷೆಯಲ್ಲೇ ಹೇಳಿದಳು. ಯಾವ ಮಗು ಯಾವ ಮಂಚದಲ್ಲಿ ಅತ್ತಿತು, ಯಾರು ಯಾರು ಅಮ್ಮನ ಹತ್ತಿರ ಹೋಗುತ್ತೇವೆಂದು ಮಂಜುಗಟ್ಟಿದ ಸರೋವರದ ಮೇಲೆ ಓಡಿದರು, ಅವರಲ್ಲಿ ಯಾರು ತಿರುಗಿ ಬರಲಿಲ್ಲ. ಹೆಸರು ಹೆಸರು ಹಿಡಿದು ಹೇಳಿದಳು. ಮೇಷ್ಟ್ರ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

“ಇಂಗ್ಲಿಷಲ್ಲಿ ಹೇಳಮ್ಮ. ಫೋನಲ್ಲಿ ಚೆನ್ನಾಗಿ ಮಾತಾಡಿದೆಯಲ್ಲ?”

ಯೂಲಾಲಿ ನಕ್ಕು, ಕ್ರೀಯಲ್ಲೇ ಮುಂದುವರಿಸಿದಳು. ಮೇಷ್ಟ್ರು ಅಗಾತ್‌ಳತ್ತ ತಿರುಗಿದರು. “ಒಂದು ಗಂಟೆಯಿಂದ ಏನು ಹೇಳ್ತಿದ್ದಾಳಮ್ಮ ಇವಳು?”

ಜನ್ಮದಲ್ಲಿ ಸುಳ್ಳಾಡದ ಅಗಾತ್ ರೊಟ್ಟಿಯನ್ನು ಸಾರಿಗೆ ಅದ್ದಿದಳು. “ಏನಿಲ್ಲ ಸಾರ್. ನಿಮ್ಮ ಆರೋಗ್ಯ ವಿಚಾರಿಸ್ತಿದ್ದಾಳೆ.”

ಟ್ರಕ್ಕು ಬರಲು ಇನ್ನೂ ಮೂರು ಗಂಟೆಯಿತ್ತು. ಯೂಲಾಲಿ ಮೇಷ್ಟ್ರ ಲೋಟಕ್ಕೆ ಚಹಾ ತುಂಬಿಸಿ, ಶಾಲೆಯ ಎರಡನೆಯ ವರ್ಷದ ಕಥೆ ಶುರುಮಾಡಿದಳು.