ಕೊಕ್ಕರೆಯ ಕಾಲಿನ ಬಣ್ಣ

ನಮ್ಮ ಮ್ಯೂಸಿಯಂನ ರೀತಿಯೇ ಹಾಗೆ. ಊರಿನ ಸುತ್ತ ಒಂದು ಜಾಗ ಸತ್ತಿತೆಂದರೆ ಒಳಗೆ ಒಂದು ಕೋಣೆ ಹೆಚ್ಚುತ್ತದೆ. ಹುಲ್ಲುಗಾವಲನ್ನು ಉತ್ತು ಮುಗಿಸಿದ ವರ್ಷ ಹುಲ್ಲುಗಾವಲಿನ ಕೋಣೆ ತೆರೆಯಿತು. ಕಾಡು ಕಡಿದು ಮುಗಿದ ಮೇಲೆ ಕಾಡಿನ ಕೋಣೆ. ಅದರ ಬಾಗಿಲಿನ ಚೌಕಟ್ಟು ಕೂಡ ಅದೇ ಕಾಡಿನ ಮರದ್ದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ ಇರಬೇಕು. ಬದುಕಿದ್ದಾಗ ಅತ್ತ ತಿರುಗಿಯೂ ನೋಡದ ಜನ, ಸತ್ತ ಮೇಲೆ ನೋಡಲು ಸಾಲು ನಿಲ್ಲುತ್ತಾರೆ. ಅವರಿಗೆ ಟಿಕೆಟ್ ಹರಿದು ಕೊಡುವವನು ನಾನು.

ಆ ಕೋಣೆಗಳಲ್ಲಿರುವ ಪ್ರಾಣಿಪಕ್ಷಿಗಳನ್ನೆಲ್ಲ ಮಾಡಿದವನು ಒಬ್ಬನೇ. ಮಾಡುವುದೆಂದರೆ, ಚರ್ಮ ಸುಲಿದು ಹದಮಾಡಿ, ಒಳಗೆ ತಂತಿ, ಹತ್ತಿ ತುಂಬಿ, ಗಾಜಿನ ಕಣ್ಣು ಕೂರಿಸಿ, ಜೀವ ಇದ್ದಂತೆ ನಿಲ್ಲಿಸುವುದು. ತಲೆ, ಹುಬ್ಬು, ಮೀಸೆಯಲ್ಲೆಲ್ಲ ಹತ್ತಿಯ ಎಳೆ ಅಂಟಿರುತ್ತಿದ್ದುದರಿಂದ ನಾವೆಲ್ಲ ಅವನನ್ನು ಹತ್ತಿಮಾವ ಎನ್ನುತ್ತಿದ್ದೆವು. ಕೈ ಮಾತ್ರ ಎಂಥದ್ದು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಚರ್ಮ ಬಿಡಿಸುತ್ತಿದ್ದ. ಹೆಂಡತಿ ತೀರಿಕೊಂಡ ದಿನವೂ ಕೆಲಸಕ್ಕೆ ಬಂದಿದ್ದ. ನೆನೆಹಾಕಿದ ನರಿಯ ಚರ್ಮ ಹಾಗೇ ಬಿಟ್ಟರೆ ಕೂದಲು ಉದುರುತ್ತದಂತೆ. "ಅವಳಿಗಿನ್ನೇನು ಆತುರ" ಅಂದ. ಬದುಕಿರುವ ಹಕ್ಕಿಯ ಮೇಲೆ ಅವನಿಗಿದ್ದ ದೂರು ಒಂದೇ: ಅದು ಅಲುಗಾಡುತ್ತದೆ.

ಮಗಳು ಅಪ್ಪನ ಹಾಗಲ್ಲ. ಅವಳಿಗೂ ಮ್ಯೂಸಿಯಂನಲ್ಲೇ ಕೆಲಸ, ಗಾಜಿನ ಕಪಾಟುಗಳ ಹಿಂಗೋಡೆಗೆ ಆಕಾಶ ಬರೆಯುವುದು. ಬಿಡುವು ಸಿಕ್ಕಿದರೆ ಸಾಕು, ಸೈಕಲ್ ಏರಿ ಊರಾಚೆಯ ಜೌಗಿಗೆ ಓಡುತ್ತಿದ್ದಳು. ಜೌಗು ಆಗ ಉಳಿದಿದ್ದುದೇ ಅಂಗೈಯಗಲ. ಕಂಟ್ರಾಕ್ಟರ್ ಒಬ್ಬ ಪಂಪು ಹಚ್ಚಿ ನೀರು ಹೊರಹಾಕಿ, ಲಾರಿಗಟ್ಟಲೆ ಮಣ್ಣು ಸುರಿದು, ಗೋದಾಮು ಕಟ್ಟುತ್ತಿದ್ದ. ಮೀನು ಕೆಸರಲ್ಲಿ ಬಾಯಿ ಬಿಟ್ಟು ಸತ್ತವು. ನೀರು ಹುಡುಕಿ ಹೊರಟ ಆಮೆಗಳು ಅವನದೇ ಲಾರಿಯ ಚಕ್ರಕ್ಕೆ ಸಿಕ್ಕವು. ಕೊನೆಗೆ ಉಳಿದ ಜೊಂಡಿನಲ್ಲಿ ಒಂದು ಜೋಡಿ ಕೆಂಪುಕಾಲಿನ ಕೊಕ್ಕರೆ ಗೂಡು ಕಟ್ಟಿತ್ತು. ಮಗಳು ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿ ಒಂದು ತಡೆಯಾಜ್ಞೆ ತಂದಳು. ಗೂಡಿನಲ್ಲಿ ಹಕ್ಕಿ ಇರುವ ತನಕ ಆ ಜೊಂಡಿನ ಮೇಲೆ ಮಣ್ಣು ಹಾಕುವಂತಿಲ್ಲ. ಆ ಎರಡು ಹಕ್ಕಿ ಇದ್ದರೆ ಜೌಗು ಉಂಟು, ಇಲ್ಲದಿದ್ದರೆ ಇಲ್ಲ.

ಕಂಟ್ರಾಕ್ಟರನಿಗೆ ಹಾವೂ ಸಾಯಬೇಕಿತ್ತು, ಕೋಲೂ ಮುರಿಯಬಾರದಿತ್ತು. ನೇರ ನಮ್ಮ ಸಾಹೇಬರ ಹತ್ತಿರ ಬಂದು, ನನ್ನ ಖರ್ಚಿನಲ್ಲಿ ಜೌಗಿನ ಕೋಣೆ ಮಾಡಿಸಿಕೊಡುತ್ತೇನೆ ಎಂದ. ಸಾಹೇಬರು ಹತ್ತಿಮಾವನನ್ನು ಕರೆಸಿದರು. ಅಲ್ಲಿ ನಡೆದ ಮಾತನ್ನು ಜವಾನ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

"ಕೊಕ್ಕರೆ ಸಂಸಾರ ಬೇಕು ಕಣಯ್ಯ. ಗಂಡ, ಹೆಂಡತಿ, ಮರಿ."

"ಇರೋದು ಒಂದೇ ಕಡೆ ಅಲ್ವಾ ಸಾರ್."

"ಅದಕ್ಕೇ ಹೇಳ್ತಿರೋದು. ಮ್ಯೂಸಿಯಂಗೆ ಅಂತ ಹಕ್ಕಿ ಹೊಡೆಯೋಕೆ ನಮಗೆ ಪರವಾನಗಿ ಇದೆ. ಹೇಗಿದ್ರೂ ಇವತ್ತಲ್ಲ ನಾಳೆ ಸಾಯೋವೇ."

ಹತ್ತಿಮಾವ ತಲೆ ತಗ್ಗಿಸಿ ಮೀಸೆಯ ಹತ್ತಿ ಕೀಳತೊಡಗಿದನಂತೆ. ಮಗಳ ನೆನಪಾಯಿತೇನೋ ಎಂದು ಸಾಹೇಬರೂ ಕಾದರಂತೆ. ಅವನು ತಲೆಯೆತ್ತಿ, "ಕಾಲಿನ ಬಣ್ಣದ್ದೇ ತೊಂದರೆ ಸಾರ್. ಸತ್ತ ಸ್ವಲ್ಪ ಹೊತ್ತಿಗೆ ಇಳಿದುಹೋಗತ್ತೆ. ಬದುಕಿದ್ದಾಗ್ಲೇ ನೋಡಿ ಹಿಡಿದಿಟ್ಕೋಬೇಕು" ಅಂದ.

ಮನೆಗೆ ಹೋದವನೇ ಮಗಳನ್ನು ಕೇಳಿದ. "ಪುಟ್ಟಿ, ಆ ಕೊಕ್ಕರೆ ಕಾಲು ಎಂಥ ಕೆಂಪು?"

"ನೆಂದ ಇಟ್ಟಿಗೆ ಥರ ಅಪ್ಪ. ಮಂಡಿ ಹತ್ರ ಸ್ವಲ್ಪ ಕಪ್ಪು."

"ಬಾಯಲ್ಲಿ ಹೇಳಿದ್ರೆ ಆಗತ್ತಾ? ಬಣ್ಣ ಕಲೆಸಿ ತೋರ್ಸು."

ಮರುದಿನ ಅವಳು ಮೊಣಕಾಲುದ್ದ ಕೆಸರಲ್ಲಿ ನಿಂತು, ರಟ್ಟಿನ ಮೇಲೆ ಬಣ್ಣ ಹಚ್ಚಿ, ಹಕ್ಕಿಯ ಕಾಲಿಗೂ ರಟ್ಟಿಗೂ ಕಣ್ಣು ಓಡಿಸಿ, ಒಪ್ಪದಿದ್ದರೆ ಮತ್ತೆ ಕಲೆಸಿ, ಅಂತೂ ಸರಿಯಾದ ಕೆಂಪು ತಂದಳು. ನನ್ನ ಕಿಟಕಿಗೆ ಬಂದು ತೋರಿಸಿದಳು. "ಅಪ್ಪ ಬದಲಾಗಿದಾನೆ, ಗೊತ್ತಾ? ಜೀವ ಇರೋ ಹಕ್ಕಿ ಬಗ್ಗೆ ಕೇಳ್ದ!" ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಒಂದು ಭಾನುವಾರ ಅಪ್ಪನನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಗೂಡು ತೋರಿಸಿದಳು. ಅವನು ಬಹಳ ಹೊತ್ತು ನೋಡಿ, ಚೆನ್ನಾಗಿ ನಿಲ್ಲುತ್ತವೆ ಎಂದು ಮೆಚ್ಚಿಕೊಂಡನಂತೆ.

ಮೊಟ್ಟೆ ಒಡೆದು ಮರಿ ಬಂದ ಸುದ್ದಿಯನ್ನೂ ಅಪ್ಪನಿಗೆ ಅವಳೇ ಹೇಳಿದಳು. ಮಾರನೆಯ ದಿನ ಕಡಲತೀರದ ಕೋಣೆಯ ಆಕಾಶದ ಬಣ್ಣ ಚಕ್ಕೆ ಏಳುತ್ತಿದೆ, ಇವತ್ತೇ ಮುಗಿಸು ಎಂದು ಅಪ್ಪ ಅವಳನ್ನು ಏಣಿ ಹತ್ತಿಸಿದ. ಆಮೇಲೆ ಅವಳದೇ ಸೈಕಲ್ ತೆಗೆದುಕೊಂಡು, ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಹೊರಟ.

ಮರುದಿನ ಗೂಡು ಖಾಲಿ. ಗೂಡು ಖಾಲಿಯಾದರೆ ತಡೆಯಾಜ್ಞೆಯೂ ಖಾಲಿ. ಮಧ್ಯಾಹ್ನದೊಳಗೆ ಲಾರಿಗಳು ಬಂದವು. ಅವಳು ಅಳುತ್ತಾ ಬಂದು ಅಪ್ಪನ ಕೋಣೆಯ ಬಾಗಿಲು ಬಡಿದಳು. ಅವನು ಬಾಗಿಲನ್ನು ಒಂದಿಷ್ಟೇ ತೆರೆದು, "ಎಲ್ಲಿಗೆ ಹೋಗ್ತಾವೆ, ಇಲ್ಲೇ ಎಲ್ಲೋ ಇರ್ತಾವೆ ಬಿಡು" ಅಂದ. ಒಳಗೆ ಮೇಜಿನ ಮೇಲೇ ಇದ್ದವು. ಅಷ್ಟಕ್ಕೇ ಬಿಡಲಿಲ್ಲ ಪಾಪಿ. ಹೊಸ ಕೋಣೆಗೆ ಜೌಗಿನ ಆಕಾಶ ಬೇಕು, ನಿನ್ನಷ್ಟು ನೋಡಿದವರು ಯಾರಿದ್ದಾರೆ ಎಂದ. ಹೋದ ಜಾಗದ ನೆನಪಿಗಾದರೂ ಇರಲಿ ಎಂದು ಅವಳು ಕಣ್ಣೊರೆಸಿಕೊಂಡು ಬರೆದಳು. ಆ ಆಕಾಶದ ಮುಂದೆ ಬರೀ ಜೊಂಡು ನೆಡುತ್ತಾರೆಂದೇ ತಿಳಿದಿದ್ದಳು.

ಕೋಣೆ ತೆರೆದ ದಿನ ಕಂಟ್ರಾಕ್ಟರನೇ ಪರದೆ ಎಳೆದ. ಅವಳ ಆಕಾಶದ ಕೆಳಗೆ ಎರಡು ಕೊಕ್ಕರೆ, ಗೂಡಿನಲ್ಲಿ ಮೂರು ಮರಿ, ಒಂದರ ಬಾಯಿ ತೆರೆದಿದೆ. ಕಾಲುಗಳು ನೆಂದ ಇಟ್ಟಿಗೆಯ ಕೆಂಪು. ಜನ ಚಪ್ಪಾಳೆ ತಟ್ಟಿದರು. ಪ್ರಕೃತಿಯನ್ನು ಉಳಿಸಬೇಕು ಎಂದು ಕಂಟ್ರಾಕ್ಟರ್ ಭಾಷಣ ಮಾಡಿದ. ನನಗೆ ಅವನ ಮೈಕು ಕಿತ್ತು ಎಸೆಯುವಷ್ಟು ಕೋಪ ಬಂತು.

ಜನ ಕರಗಿದ ಮೇಲೂ ಅವಳು ಗಾಜಿನ ಮುಂದೆ ಹಾಗೇ ನಿಂತಿದ್ದಳು. ಹತ್ತಿಮಾವ ಕೈ ಒರೆಸಿಕೊಳ್ಳುತ್ತಾ ಪಕ್ಕಕ್ಕೆ ಬಂದ. ಹೊಗಳುತ್ತಾಳೆ ಎಂದೇ ಬಂದಿದ್ದ, ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

"ಮೊದ್ಲು ಯಾವುದನ್ನ ಹೊಡೆದೆ ಅಪ್ಪ?" ಎಂದು ಕೇಳಿದಳು.

"ಹೆಣ್ಣನ್ನ," ಅಂದ ಅವನು. "ಅದು ಬಿದ್ರೂ ಗಂಡು ಹಕ್ಕಿ ಮರಿಗಳನ್ನ ಬಿಟ್ಟು ಹಾರಲ್ಲ ಅಂತ ನೀನೇ ಹೇಳಿದ್ಯಲ್ಲ ಪುಟ್ಟಿ. ನಿಜ ಕಣೆ, ನಿಂತಲ್ಲೇ ನಿಂತಿತ್ತು. ಎರಡನೇ ಗುಂಡಿಗೆ ಒಂದು ಪುಕ್ಕಾನೂ ಹಾಳಾಗ್ಲಿಲ್ಲ."