ಅಪ್ಪ ಟೋಕನ್ ಮರೆತ ದಿನ

ಟಿವಿ ನೋಡುವವರಿಗೆ ನಾನು ಗೊತ್ತಿರುವುದು ಒಂದೇ ವೇಷದಲ್ಲಿ: ಚಿನ್ನದ ಗಣಿಯ ಕೆಲಸ ಮುಗಿಸಿ, ಹಸು ಕಟ್ಟಿಕೊಂಡು, ಬೆಳಗ್ಗೆ ಹಾಲು ಕರೆಯುವುದಕ್ಕೂ ‘ಫಸ್ಟ್ ಶಿಫ್ಟ್’ ಎನ್ನುವ ಮುಂಗೋಪಿ ಮುದುಕ. ಬಂಗಾರಪೇಟೆಯಲ್ಲಿ ರೈಲು ಇಳಿದರೆ ಸಾಕು, ಆಟೋದವರು “ಶಿಫ್ಟ್ ಮುಗೀತಾಣ್ಣಾ?” ಎಂದು ಕೂಗುತ್ತಾರೆ. ಧಾರಾವಾಹಿ ಬರೆಯುವವನೂ ನಾನೇ, ಆಡುವವನೂ ನಾನೇ. ಮುದುಕ ಮಾತ್ರ ನನ್ನ ಕಲ್ಪನೆಯಲ್ಲ. ಕಾಮಸಮುದ್ರದ ಹತ್ತಿರದ ನಮ್ಮೂರಲ್ಲಿ ಈಗಲೂ ಹಸು ಮೇಯಿಸುತ್ತಿರುವ ನಮ್ಮಪ್ಪ ಅವನು.

ಶೂಟಿಂಗ್‌ಗೆ ಮುಂಚೆ ಪ್ರತಿ ಕಂತನ್ನೂ ಕೊಟ್ಟಿಗೆಯಲ್ಲಿ ಅವನಿಗೆ ಓದಿ ಹೇಳುವುದು ನನ್ನ ರೂಢಿ. ಅವನು ಬೈದರೆ ಕಂತು ಗೆದ್ದಿತು ಅಂದುಕೊಳ್ಳುತ್ತಿದ್ದೆ. ಟೋಕನ್ ಕತೆ ಓದಿದ ದಿನ ಬೈಯಲೇ ಇಲ್ಲ.

ಅದು ಅಮ್ಮ ಹೇಳಿದ್ದ ಕತೆ. ಗಣಿಗೆ ಇಳಿಯುವವರು ಟೋಕನ್ ಕೊಟ್ಟು ಇಳಿಯಬೇಕು, ಮೇಲೆ ಬಂದು ವಾಪಸ್ ಇಸಿದುಕೊಳ್ಳಬೇಕು. ಟೋಕನ್ ಉಳಿದರೆ ಆಳು ಒಳಗೇ ಇದ್ದಾನೆಂದು ಅರ್ಥ. ಒಂದು ಸಂಜೆ ಅಪ್ಪ ಅದನ್ನು ಮರೆತು, ಸಿನಿಮಾದ ಆತುರದಲ್ಲಿ ರಾಬರ್ಟ್‌ಸನ್‌ಪೇಟೆಗೆ ಓಡಿದ್ದ. ಇತ್ತ ಮೈಸೂರು ಮೈನ್ಸ್ ಗೇಟಿನಲ್ಲಿ ಅಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಾಗ, ಇವನು ಬೋಂಡಾ ಮೆಲ್ಲುತ್ತ ಬಂದು, ಗುಂಪಿನೊಳಗೆ ತೂರಿ, “ಯಾರ್ ಓಗ್ಬಿಟ್ರಮ್ಮಾ?” ಎಂದು ಕೇಳಿದನಂತೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟಾಡಿಸಿದಳಂತೆ. ಇಂಥದ್ದು ಸಿಕ್ಕರೆ ಯಾವ ಹಾಸ್ಯಗಾರ ಬಿಡುತ್ತಾನೆ?

ಅಪ್ಪ ಹಾಲಿನ ಕ್ಯಾನು ಕೆಳಗಿಟ್ಟ. “ಅರ್ಧ ಕತೆ ಬರ್ದಿದ್ದೀಯ ಕಣ್ಲಾ. ನಾನು ಒಳಗೇ ಇದ್ದೀನಿ ಅಂತ, ನನ್ ಜೊತೆ ಕೆಲ್ಸ ಮಾಡ್ತಿದ್ದೋನು ನನ್ನ ಉಡ್ಕಾಕೆ ಮತ್ತೆ ಇಳ್ದ. ಕಲ್ಲು ಬಿದ್ದು ಅವನ ಕಾಲು ಓಯ್ತು.”

ನಾನು ಚಿಕ್ಕಂದಿನಿಂದ ಮಾಮ ಎಂದು ಕರೆದ, ಊರುಗೋಲು ಹಿಡಿದು ನಡೆಯುವ ಅಪ್ಪನ ಆ ಗೆಳೆಯ! ಅವನ ಕಾಲು ಹೋದದ್ದು ಗಣಿಯ ಅಪಘಾತದಲ್ಲಿ ಎಂದಷ್ಟೇ ನನಗೆ ಗೊತ್ತಿತ್ತು.

“ತಪ್ಪಾಯ್ತು ಅಂದ್ಯೇನಪ್ಪಾ ಅವನಿಗೆ?”

“ಎಂಗೆ ಅನ್ಲಿ? ಪೇಟೇಲಿ ಸಿಕ್ತಾನೆ, ಟೀ ಕುಡೀತೀವಿ. ಬಾಯೇ ಬರಲ್ಲ. ಬರೆದ್ರೆ ಪೂರ್ತಿ ಬರಿ. ಇಲ್ದಿದ್ರೆ ಅರಿದಾಕು.”

ನಾಚಿಕೆಯಾಯಿತು. ಅಪ್ಪನ ಬಾಯಿಗೆ ಬಾರದ ಮಾತನ್ನು ನನ್ನ ಮುದುಕನ ಬಾಯಲ್ಲಾದರೂ ಆಡಿಸಿಯೇ ತೀರುತ್ತೇನೆಂದು ಹಠ ಹಿಡಿದೆ. ಕೊನೆಗೆ ಒಂದು ದೃಶ್ಯ ಸೇರಿಸಿದೆ: ಮುದುಕ ಗೆಳೆಯನ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳುತ್ತಾನೆ.

ಚಾನೆಲ್‌ನವರು ಓದಿ ಮುಖ ಸಿಂಡರಿಸಿದರು. “ನಗಿಸೋ ಹೊತ್ತಲ್ಲಿ ಅಳಿಸ್ತೀರೇನ್ರೀ? ಬೋಂಡಾಕ್ಕೆ ಮುಗಿಸಿ.”

ಮೈಯೆಲ್ಲ ಉರಿದುಹೋಯಿತು. “ಹಾಗಾದ್ರೆ ಮುದುಕನ ವೇಷ ಬೇರೆಯವರಿಗೆ ಹಾಕಿ,” ಎಂದು ಎದ್ದುಬಂದೆ. ಮೂರು ದಿನ ಶೂಟಿಂಗ್ ಕಡೆ ತಲೆ ಹಾಕಲಿಲ್ಲ. “ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕ್ಕೊಳ್ಳೋದಾ?” ಎಂದು ಹೆಂಡತಿ ರೇಗಿದಳು. ಭಯ ನನಗೂ ಇತ್ತು, ಸುಳ್ಳೇಕೆ? ಆದರೂ ಜಗ್ಗಲಿಲ್ಲ. ನಾಲ್ಕನೇ ದಿನ ಫೋನ್ ಬಂತು: “ಎರಡೇ ನಿಮಿಷ, ಅಷ್ಟೇ.” ಎರಡು ನಿಮಿಷ ಧಾರಾಳವಾಯಿತು.

ಕಂತು ಬರುವ ಸಂಜೆ ಅಪ್ಪನನ್ನು ಮಾಮನ ಮನೆಗೆ ಹೊರಡಿಸಿದೆ. ಆಟೋದಿಂದ ಎರಡು ಸಲ ಇಳಿಯಲು ನೋಡಿದ. ನಾನು ತೋಳು ಬಿಡಲಿಲ್ಲ.

ಬೋಂಡಾ ಬರುವ ತನಕ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಆ ದೃಶ್ಯ ಬಂತು. ಪರದೆಯ ಮೇಲೆ ನಾನು “ತಪ್ಪಾಯ್ತು ಕಣ್ಲಾ” ಎಂದೆ. ಮಾಮ ಟಿವಿ ಬಿಟ್ಟು ಅಪ್ಪನ ಕಡೆ ತಿರುಗಿದ.

“ಟಿವೀಲಿ ಯೋಳ್ಬಿಟ್ರೆ ಆಯ್ತಾ ಮಚ್ಚಾ?”

ಅಪ್ಪ ಎದ್ದು ನಿಂತ. ಕೈ ಜೋಡಿಸಿದ. “ತಪ್ಪಾಯ್ತು ಕಣ್ಲಾ. ಇಷ್ಟು ವರ್ಷ ಯೋಳಕ್ಕಾಗ್ಲಿಲ್ಲ.”

ಮಾಮ ಅಂಗೈಯಲ್ಲಿ ಕಣ್ಣೊರೆಸಿಕೊಂಡ. “ಸರಿ, ಕೂತ್ಕೋ,” ಎಂದ. “ಟಿವಿಗೆ ಅಡ್ಡ ನಿಂತಿದ್ದೀಯ. ನಿನ್ ಮಗ ಏನೋ ಮಾಡ್ತಾವ್ನೆ, ನೋಡಾನ.”